ಹಿಂದೆ ಮಗ್ಗ, ಮುಂದೆ ಲೈವ್ ಕ್ಲಾಸು: ಬನಹಟ್ಟಿಯ ಒಂದು ಪ್ರಕರಣ

2024ರ ಆಗಸ್ಟ್‌ನ ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಬಂದಿದ್ದ ಟೆಸ್ಟ್ ಪೇಪರ್‌ಗಳ ಫೋಟೋ ತಿದ್ದುತ್ತಾ ಕೂತಿದ್ದೆ. ಒಬ್ಬ ಹುಡುಗಿಯ ಪೇಪರ್ ಮೇಲೆ ಕಣ್ಣು ನಿಂತಿತು. ಅಕ್ಷರ ಮುತ್ತಿನ ಹಾಗೆ. ಗೆರೆಗಳನ್ನೆಲ್ಲ ಪಟ್ಟಿ ಇಟ್ಟು ಎಳೆದಿದ್ದಳು. ಆದರೆ ಮೂರು ಲೆಕ್ಕದಲ್ಲಿ ಮೂರೂ ತಪ್ಪು. ಅದೂ ಮೂರರಲ್ಲೂ ಒಂದೇ ಜಾಗದಲ್ಲಿ. 25ಕ್ಕೆ 9 ಬಂತು.

ಹಾಜರಿ ಪಟ್ಟಿ ತೆಗೆದು ನೋಡಿದೆ. ಆ ತಿಂಗಳಲ್ಲಿ ಒಂದು ದಿನವೂ ಅವಳ ಹೆಸರಿಲ್ಲ. ಕ್ಲಾಸಿಗೆ ಬರದೆ ಲೆಕ್ಕ ಹೇಗೆ ಬರುತ್ತೆ ಅಂದುಕೊಂಡು ಮೆಸೇಜ್ ಹಾಕಿದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು. “ದಿನಾ ಬರ್ತೀನ್ರಿ ಮೇಡಂ. ಒಂದ್ ದಿನಾನೂ ತಪ್ಪಿಸಿಲ್ರಿ.”

ಅವಳು ಹೇಳಿದ್ದು ಖರೆ. ಪಟ್ಟಿಯಲ್ಲಿ ‘ರೆಡ್ಮಿ 9ಎ’ ಅಂತ ಒಂದು ಹೆಸರು ದಿನಾ ಇತ್ತು. ಅದು ಅವಳ ಅಣ್ಣನ ಫೋನು. ಜೂಮ್‌ನಲ್ಲಿ ಹೆಸರು ಬದಲಾಯಿಸಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ. ಆರು ವಾರ ನನ್ನ ಕ್ಲಾಸಿನಲ್ಲಿ ಕೂತಿದ್ದ ಹುಡುಗಿಯನ್ನು ನಾನು ಒಂದು ಸಲವೂ ಹೆಸರು ಹಿಡಿದು ಕರೆದಿರಲಿಲ್ಲ.

ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಲೈವ್ ಕ್ಲಾಸಿಗೆ ದಿನಾ ಬಂದೂ ಕಲಿಯದೆ ಉಳಿದ ಒಬ್ಬಳು ವಿದ್ಯಾರ್ಥಿನಿಗೆ ಏನು ಅಡ್ಡ ಬಂದಿತ್ತು, ಅದರಲ್ಲಿ ಯಾವುದು ಸರಿಹೋಯಿತು, ಯಾವುದು ಹೋಗಲಿಲ್ಲ ಅನ್ನುವುದು ಇಲ್ಲಿದೆ. ಹುಡುಗಿಯ ಹೆಸರು ಬೇಡ. ಊರು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ.

ಕ್ಲಾಸು ಹೇಗಿತ್ತು

ನಾನು ಜಮಖಂಡಿಯಲ್ಲಿ ಪಿಯು ಮಕ್ಕಳಿಗೆ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಕಾಲೇಜಿನ ಹೊರಗೆ ಸಂಜೆ 6:30ಕ್ಕೆ ಒಂದು ಲೈವ್ ಕ್ಲಾಸು ಶುರು ಮಾಡಿದ್ದೆ. ಫೀಸು ಇಲ್ಲ. ದ್ವಿತೀಯ ಪಿಯು ಕಾಮರ್ಸ್ ಓದುವ 38 ಮಕ್ಕಳು. ಜಮಖಂಡಿ, ತೇರದಾಳ, ಮಹಾಲಿಂಗಪುರ, ರಬಕವಿ, ಬನಹಟ್ಟಿ ಹೀಗೆ ಸುತ್ತಲಿನ ಊರಿನವರು. ಟ್ಯೂಷನ್‌ಗೆ ದುಡ್ಡು ಕೊಡಲಾಗದವರು, ಸಂಜೆ ಬಸ್ ಹಿಡಿದು ಬರಲಾಗದ ಹುಡುಗಿಯರು ಜಾಸ್ತಿ.

ಜೂಮ್‌ನ ಉಚಿತ ಖಾತೆಯಲ್ಲಿ ಗುಂಪಿನ ಮೀಟಿಂಗ್ 40 ನಿಮಿಷಕ್ಕೆ ತಾನೇ ಮುಗಿಯುತ್ತದೆ. ಹಾಗಾಗಿ ನನಗೆ ಯಾವಾಗಲೂ ಅವಸರ. 38 ನಿಮಿಷ ಲೆಕ್ಕ ಮಾಡಿಸಿ, ಕೊನೆಗೆ “ಯಾರಿಗಾದರೂ ಡೌಟ್ ಇದೆಯಾ?” ಅಂತ ಕೇಳುತ್ತಿದ್ದೆ. ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರಿಗೂ ತಿಳಿದಿದೆ ಅಂತ ನಾನು ನಂಬಿದ್ದೆ.

ಬನಹಟ್ಟಿಯ ಮನೆ

ಮುಂದಿನ ವಾರ ಬಸ್ ಹತ್ತಿ ಬನಹಟ್ಟಿಗೆ ಹೋದೆ. ಅದು ಮಗ್ಗದ ಊರು. ಓಣಿಗೆ ಕಾಲಿಟ್ಟರೆ ಎರಡೂ ಕಡೆಯ ಮನೆಗಳಿಂದ ಖಟ್ ಖಟ್ ಖಟ್ ಸಪ್ಪಳ. ಅವಳ ಮನೆಯ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್. ಅಪ್ಪ ಮಗ್ಗದ ನಡುವೆ ಓಡಾಡಿ ಲಾಳಿ ನೋಡುತ್ತಾರೆ, ಹರಿದ ಎಳೆ ಗಂಟು ಹಾಕುತ್ತಾರೆ. ಅವ್ವ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತುತ್ತಾರೆ. ಸೀರೆ ಲೆಕ್ಕದಲ್ಲಿ ಕೂಲಿ. ಮಗ್ಗ ನಿಂತರೆ ಕೂಲಿ ನಿಂತಿತು.

ಹುಡುಗಿ ಕೂರುವ ಜಾಗ ಅಡುಗೆಮನೆಯ ಮೂಲೆ. ಜೋಳದ ಹಿಟ್ಟಿನ ಡಬ್ಬಿಗೆ ಫೋನು ಆನಿಸಿ ಇಟ್ಟಿದ್ದಳು. ಡಬ್ಬಿ ಜಾರದಂತೆ ಅದರ ಹಿಂದೆ ಒಂದು ಲಟ್ಟಣಿಗೆ. ನೋಟ್‌ಬುಕ್ ತೊಡೆಯ ಮೇಲೆ. ಪಡಸಾಲೆಗೂ ಆ ಮೂಲೆಗೂ ನಡುವೆ ಇರುವುದು ಒಂದು ಪರದೆ ಮಾತ್ರ.

ನೋಟ್‌ಬುಕ್ ತೋರಿಸು ಅಂದೆ. ಪ್ರತಿ ಪುಟದ ಎಡಗಡೆ ಪೆನ್ಸಿಲ್‌ನಲ್ಲಿ ಒಂದು ಗೆರೆ. ಗೆರೆಯ ಆಚೆ ಚಿಕ್ಕ ಅಕ್ಷರದಲ್ಲಿ ಡೌಟುಗಳು, ಪಕ್ಕದಲ್ಲಿ ತಾರೀಖು. ಎಣಿಸಿದೆ. 23 ಇದ್ದವು. ಕೆಲವನ್ನು ತಾನೇ ಬಗೆಹರಿಸಿಕೊಂಡು ಹೊಡೆದುಹಾಕಿದ್ದಳು. 14 ಹಾಗೇ ಉಳಿದಿದ್ದವು. ಕ್ಲಾಸಿನಲ್ಲಿ ಕೇಳಿದ್ದು ಒಂದೂ ಇಲ್ಲ.

ಆ 14ರಲ್ಲಿ ಒಂದನ್ನು ವಿವರವಾಗಿ ಹೇಳಬೇಕು. ಯಾಕಂದ್ರೆ ಟೆಸ್ಟಿನ ಮೂರು ತಪ್ಪೂ ಅಲ್ಲಿಂದಲೇ ಹೊರಟಿದ್ದು.

ಜುಲೈನಲ್ಲಿ ಹೊಸ ಪಾಲುದಾರನ ಸೇರ್ಪಡೆ ಪಾಠ ಮಾಡಿದ್ದೆ. ಮೊದಲ ಲೆಕ್ಕ ಹೀಗಿತ್ತು. ಎ ಮತ್ತು ಬಿ ಲಾಭವನ್ನು 3:2ರಂತೆ ಹಂಚಿಕೊಳ್ಳುತ್ತಾರೆ. ಸಿ ಬಂದು 1/5 ಪಾಲು ಪಡೆಯುತ್ತಾನೆ. ಯಾರಿಂದ ಎಷ್ಟು ಅಂತ ಪ್ರಶ್ನೆಯಲ್ಲಿ ಹೇಳಿಲ್ಲ. ಹೇಳದಿದ್ದರೆ ಇಬ್ಬರೂ ಹಳೇ ಅನುಪಾತದಲ್ಲೇ ಬಿಟ್ಟುಕೊಟ್ಟರು ಅಂತ ಹಿಡಿಯಬೇಕು. ಹಳಬರು ಬಿಟ್ಟುಕೊಟ್ಟ ಪಾಲಿನ ಅನುಪಾತ, ಅಂದರೆ ತ್ಯಾಗದ ಅನುಪಾತ, 3:2. ಎರಡನೇ ಲೆಕ್ಕವೂ ಅದೇ, ಒಂದು ಮಾತು ಮಾತ್ರ ಜಾಸ್ತಿ: ಸಿ ತನ್ನ ಪಾಲನ್ನು ಇಬ್ಬರಿಂದಲೂ ಸಮನಾಗಿ ಪಡೆಯುತ್ತಾನೆ. ಆಗ ಎ ಬಿಡುವುದು 1/10, ಬಿ ಬಿಡುವುದೂ 1/10. ತ್ಯಾಗದ ಅನುಪಾತ 1:1. ಹೊಸ ಅನುಪಾತ 5:3:2.

ಅವಳ ನೋಟ್‌ಬುಕ್‌ನಲ್ಲಿ ಎರಡೂ ಲೆಕ್ಕ ಸರಿಯಾಗಿ ಇಳಿದಿತ್ತು. ಅಂಚಿನಲ್ಲಿ ಬರೆದಿದ್ದಳು: “ಮೊದಲು 3:2. ಈಗ 1:1. ಯಾಕೆ?”

ಇದು ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಆವತ್ತೇ ಕೇಳಿದ್ದರೆ ಎರಡು ನಿಮಿಷದ ಉತ್ತರ. ಕೇಳಲಿಲ್ಲ. ಹಾಗಾಗಿ ಅವಳೇ ಒಂದು ಉತ್ತರ ಕಟ್ಟಿಕೊಂಡಳು: ಗುಡ್‌ವಿಲ್ ಇದ್ದರೆ 1:1, ಇಲ್ಲದಿದ್ದರೆ ಹಳೇ ಅನುಪಾತ. ಗುಡ್‌ವಿಲ್ ಅಂದರೆ ವ್ಯಾಪಾರದ ಒಳ್ಳೆಯ ಹೆಸರಿಗೆ ಹೊಸಬ ತರುವ ಹಣ, ಅದನ್ನು ಹಳಬರು ತ್ಯಾಗದ ಅನುಪಾತದಲ್ಲಿ ಹಂಚಿಕೊಳ್ಳುತ್ತಾರೆ. ಎರಡನೇ ಲೆಕ್ಕದಲ್ಲಿ ಸಿ ₹20,000 ಗುಡ್‌ವಿಲ್ ತಂದಿದ್ದ, ಅದು ಎ ಮತ್ತು ಬಿಗೆ ಹತ್ತು ಹತ್ತು ಸಾವಿರ ಹೋಗಿತ್ತು. ಅದನ್ನು ನೋಡಿ ಹಾಗೆ ಅಂದುಕೊಂಡಿದ್ದಳು. ಟೆಸ್ಟಿನಲ್ಲಿ ಮೂರು ಲೆಕ್ಕದಲ್ಲೂ ಗುಡ್‌ವಿಲ್ ಇತ್ತು. ಮೂರಕ್ಕೂ 1:1 ಹಾಕಿದಳು. 12,000 ಮತ್ತು 8,000 ಆಗಬೇಕಾದ ಕಡೆ 10,000 ಮತ್ತು 10,000 ಬರೆದಳು.

ಅವಳದು ಸೋಮಾರಿತನದ ತಪ್ಪಲ್ಲ. ಬಹಳ ಯೋಚನೆ ಮಾಡಿ ಮಾಡಿದ ತಪ್ಪು. ಅದನ್ನು ನೋಡಿ ನನಗೆ ಸಂಕಟವಾಯಿತು.

ಯಾಕೆ ಕೇಳಲಿಲ್ಲ

“ಇದನ್ನ ಯಾಕ ಕೇಳಲಿಲ್ಲವಾ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು.

“ಒಂದ್ ಸಲ ಮೈಕ್ ಆನ್ ಮಾಡಿದ್ದೆರಿ. ಮಗ್ಗದ ಸಪ್ಪಳ ಎಲ್ಲಾರಿಗೂ ಕೇಳಿಸ್ತು. ಯಾರೋ ‘ಯಾರ ಮನ್ಯಾಗ ಗಿರಣಿ ಹಚ್ಚ್ಯಾರ’ ಅಂದ್ರು. ಎಲ್ಲಾರೂ ನಕ್ರು. ನೀವೂ ಮ್ಯೂಟ್ ಮಾಡ್ಕೋರಿ ಅಂದ್ರಿ.”

ನನಗೆ ಅದು ನೆನಪೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಹೇಳುವ ಮಾತು. ಆದರೆ ಅವಳಿಗೆ ಅದು ಕೊನೆಯ ಮಾತಾಗಿತ್ತು. ಆ ಮನೆಗೆ ಅನ್ನ ಹಾಕುವ ಸಪ್ಪಳದ ಬಗ್ಗೆ ಆ ಮನೆಯ ಮಗಳೇ ನಾಚಿಕೊಳ್ಳುವ ಹಾಗಾಯಿತಲ್ಲ ಅನ್ನುವುದು ನನಗೆ ಇವತ್ತಿಗೂ ನೋಯುತ್ತದೆ.

ಎರಡನೆಯದು ಸಮಯ. ನನ್ನ ಒಂದು ಕ್ಲಾಸಿನ ರೆಕಾರ್ಡಿಂಗ್ ಹಾಕಿ ಕೇಳಿದೆ. “ಡೌಟ್ ಇದೆಯಾ?” ಅಂದಮೇಲೆ ನಾನು ಕಾಯುತ್ತಿದ್ದದ್ದು 3 ಸೆಕೆಂಡು, ಹೆಚ್ಚೆಂದರೆ 4. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮಾತಾಡುವವರೂ ಹೆಚ್ಚುತ್ತಾರೆ ಅಂತ. ಆದರೆ ಅದು ಎದುರುಬದುರು ಕೂತ ಕ್ಲಾಸಿನ ಮಾತು. ಅವಳ ಫೋನಿನಲ್ಲಿ ನಾವಿಬ್ಬರೂ ಲೆಕ್ಕ ಹಾಕಿದೆವು. ನನ್ನ ದನಿ ಅಲ್ಲಿಗೆ ತಡವಾಗಿ ಮುಟ್ಟುತ್ತದೆ. ಪೆನ್ನು ಕೆಳಗಿಡಬೇಕು. ಸ್ಕ್ರೀನ್ ಮುಟ್ಟಿದರೆ ಮಾತ್ರ ಮೈಕಿನ ಗುರುತು ಕಾಣುತ್ತದೆ. ಅದನ್ನು ಒತ್ತಬೇಕು. ಬಾಯಿ ತೆರೆಯುವ ಹೊತ್ತಿಗೆ 9 ಸೆಕೆಂಡು. “ಮೈಕ್ ಒತ್ತೋದ್ರಾಗ ನೀವು ಮುಂದ ಹೋಗಿರ್ತೀರಿ ಮೇಡಂ” ಅಂದಳು.

ಮೂರನೆಯದು ಡೇಟಾ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ಅಣ್ಣ ಹಗಲು ಫೋನು ಒಯ್ಯುತ್ತಾನೆ. ಸಂಜೆ ಅವಳ ಕೈಗೆ ಬರುವಾಗ ಎಷ್ಟೋ ದಿನ ಖಾಲಿ. ದಿನದ ಪಾಲು ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಜೂಮ್ ಕೊಡುವ ಲೆಕ್ಕದ ಪ್ರಕಾರ ಬರೀ ದನಿಗೇ 60ರಿಂದ 80 ಬೇಕು, ಪುಟ ತೋರಿಸಲು ಇನ್ನೊಂದು 50ರಿಂದ 75. ಅಂದರೆ ಆ ದಿನಗಳಲ್ಲಿ ಅವಳಿಗೆ ನನ್ನ ಮಾತು ಹರಿದು ಹರಿದು ಬರುತ್ತಿತ್ತು, ಪುಟ ನಿಂತಲ್ಲೇ ನಿಂತಿರುತ್ತಿತ್ತು.

ಇನ್ನೊಂದು ಕಾರಣ ಹಳೆಯದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಹುಡುಗಿ ಎಂಟನೇ ಕ್ಲಾಸು. ಆ ವರ್ಷ ಜುಲೈನಿಂದ ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೇ ತರಗತಿಯವರಿಗೆ ‘ಸಂವೇದ’ ಪಾಠಗಳು ಬರುತ್ತಿದ್ದವು. ಫೋನು ಇಲ್ಲದ ಮನೆಗಳಿಗೆ ಅದು ದೊಡ್ಡ ಆಸರೆ. ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಗಿ ಮೇಷ್ಟ್ರು ಗುಡಿಯ ಕಟ್ಟೆಗೇ ಬಂದರು, ಅಲ್ಲಿ ಕೇಳಬಹುದಿತ್ತು. ಆದರೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಮತ್ತೆ ಟಿವಿ. ಹದಿಮೂರು ವರ್ಷದ ಮಗು ಪರದೆಯ ಮುಂದೆ ಸುಮ್ಮನೆ ಕೂತು ಬರೆದುಕೊಳ್ಳುವುದನ್ನು ಕಲಿತಿತ್ತು. ನಾಲ್ಕು ವರ್ಷದ ಮೇಲೆ ನನ್ನ ಕ್ಲಾಸೂ ಒಂದು ಪರದೆಯೇ. ಒಳಗಿರುವ ಟೀಚರನ್ನು ನಿಲ್ಲಿಸಬಹುದು ಅಂತ ಅವಳಿಗೆ ಅನಿಸಿರಲೇ ಇಲ್ಲ. ನಿಲ್ಲಿಸಲು ಆಗದಿದ್ದರೆ ಲೈವ್ ಯಾಕೆ ಬೇಕು, ರೆಕಾರ್ಡಿಂಗ್ ಸಾಕಲ್ವಾ?

ಏನೇನು ಮಾಡಿ ನೋಡಿದೆವು

ಹೆಸರು ಬದಲಾಯಿಸುವುದು ಅಲ್ಲೇ, ಅವತ್ತೇ ಆಯಿತು. ಕನ್ನಡದಲ್ಲಿ ಟೈಪ್ ಮಾಡಿ, ಮುಂದೆ ಊರಿನ ಹೆಸರು ಹಾಕಿದಳು.

ಡೇಟಾಕ್ಕೆ ನಾನೇ ಬದಲಾಗಬೇಕಿತ್ತು. ಗುಂಪಿನ ವಿಡಿಯೋಗೆ 600 ಕೆಬಿಪಿಎಸ್ ಹಿಡಿದರೂ 40 ನಿಮಿಷಕ್ಕೆ 180 ಎಂಬಿ ಆಗುತ್ತದೆ. ದನಿ ಮತ್ತು ಪುಟ ಮಾತ್ರವಾದರೆ 50 ಎಂಬಿ ಒಳಗೇ ಮುಗಿಯುತ್ತದೆ. ನನ್ನ ಮುಖ ತೋರಿಸಲು ಮಕ್ಕಳ ಪ್ಯಾಕಿನಿಂದ 130 ಎಂಬಿ ಖರ್ಚು ಮಾಡುತ್ತಿದ್ದೆ. ಮೊದಲ ಒಂದು ನಿಮಿಷ ನಮಸ್ಕಾರ ಹೇಳಿ ಕ್ಯಾಮೆರಾ ಬಂದ್ ಮಾಡತೊಡಗಿದೆ. ಅಣ್ಣನ ಜೊತೆ ಅವಳೇ ಮಾತಾಡಿ ದಿನಾ 100 ಎಂಬಿ ಉಳಿಸಿ ಕೊಡಲು ಒಪ್ಪಿಸಿದಳು. ಅವನು ವಾರಕ್ಕೊಮ್ಮೆ ಮರೆಯುತ್ತಿದ್ದ, ಅಷ್ಟೇ.

ಸಪ್ಪಳಕ್ಕೆ ಇಯರ್‌ಫೋನ್ ಪರಿಹಾರ ಅಂದುಕೊಂಡಿದ್ದೆ. ತಂತಿಯ ಮೈಕನ್ನು ತುಟಿಗೆ ಎರಡು ಬೆರಳು ದೂರದಲ್ಲಿ ಹಿಡಿಸಿದೆ. ಜೂಮ್‌ನಲ್ಲಿ ಹಿನ್ನೆಲೆ ಸದ್ದು ತಗ್ಗಿಸುವ ಸೆಟ್ಟಿಂಗ್ ಇದೆ, ಅದನ್ನೂ ಹಾಕಿಸಿದೆ. ಆಗಲಿಲ್ಲ. ಫ್ಯಾನಿನ ಹಾಗೆ ಒಂದೇ ಸಮ ಬರುವ ಸದ್ದನ್ನು ಅದು ಚೆನ್ನಾಗಿ ತೆಗೆಯುತ್ತದೆ. ಮಗ್ಗದ್ದು ಬಡಿತ. ಸದ್ದಿನ ಜೊತೆ ಅವಳ ಮಾತೂ ಹೋಗುತ್ತಿತ್ತು. ‘ಅನುಪಾತ’ ಅಂದರೆ ನನಗೆ ‘ಅ…ತ’ ಕೇಳುತ್ತಿತ್ತು. ಎರಡು ದಿನ ಪ್ರಯತ್ನಿಸಿ ಬಿಟ್ಟೆವು. ಮಾಳಿಗೆ ಮೇಲೆ ಹೋಗಿ ಕೂರಬಹುದಾ ಅಂತ ಕೇಳಿದೆ. ಕತ್ತಲಾದ ಮೇಲೆ ಹುಡುಗಿ ಒಬ್ಬಳೇ ಬೇಡ ಅಂದರು ಅವ್ವ. ನಾನು ಮತ್ತೆ ಒತ್ತಾಯ ಮಾಡಲಿಲ್ಲ.

ಕೆಲಸಕ್ಕೆ ಬಂದದ್ದು ಬಹಳ ಸಣ್ಣ ಉಪಾಯ. ನಾನು ತೋರಿಸುವ ಪುಟದಲ್ಲಿ ಪ್ರತಿ ಸಾಲಿಗೂ ನಂಬರ್ ಹಾಕತೊಡಗಿದೆ. ಎಲ್ಲಿ ತಿಳಿಯಲಿಲ್ಲವೋ ಆ ಸಾಲಿನ ನಂಬರನ್ನು ಚಾಟ್‌ನಲ್ಲಿ ಹಾಕಬೇಕು. ‘ಪ್ರ 4’ ಅಂದರೆ ನಾಲ್ಕನೇ ಸಾಲಿನಲ್ಲಿ ಪ್ರಶ್ನೆ ಇದೆ ಅಂತ. ವಾಕ್ಯ ಟೈಪ್ ಮಾಡುತ್ತಾ ಕೂರಬೇಕಿಲ್ಲ. ಬೇಕಿದ್ದರೆ ನನಗೊಬ್ಬಳಿಗೇ ಕಳಿಸಬಹುದು. ನಾನು ಅಂಥದ್ದು ಕಂಡ ಕೂಡಲೇ ನಿಲ್ಲಿಸಬೇಕು. ಕೊನೆಗೆ ನೋಡೋಣ ಅನ್ನುವ ಹಾಗಿಲ್ಲ.

ಮೊದಲ ವಾರ ಅವಳಿಂದ ಎರಡು ಬಂದವು, ಎರಡೂ ನನಗೊಬ್ಬಳಿಗೇ. ಎರಡನೇ ವಾರ ಬೇರೆಯವರದೂ ಬರತೊಡಗಿತು. ಒಂದು ದಿನ ಒಂದೇ ಸಾಲಿಗೆ ಏಳು ‘ಪ್ರ’ ಬಂದವು. ಆ ಸಾಲನ್ನು ನಾನು ವರ್ಷಗಳಿಂದ ಒಂದೇ ಉಸಿರಿನಲ್ಲಿ ಹೇಳಿ ದಾಟುತ್ತಿದ್ದೆ.

ಕರೆಂಟು ಹೋದ ಸಂಜೆ

ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ, ಕ್ಲಾಸು ಶುರುವಾಗಿ 20 ನಿಮಿಷ ಆಗಿರಬೇಕು, ಅವಳು ‘ಪ್ರ 5’ ಅಂತ ಹಾಕಿದಳು. ನಾನು ನಿಲ್ಲಿಸಿ ಓದುತ್ತಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಅವಳ ಹೆಸರಿನ ಪಕ್ಕದ ಮೈಕು ತೆರೆಯಿತು. ಸಪ್ಪಳವೇ ಇಲ್ಲ. ಎಲ್ಲೋ ದೂರದಲ್ಲಿ ನಾಯಿ ಬೊಗಳುವುದು ಮಾತ್ರ.

“ಮೇಡಂ, ಕರೆಂಟ್ ಹೋಗೇತ್ರಿ. ಮಗ್ಗ ನಿಂತಾವ. ಒಂದ್ ಮಾತ್ ಕೇಳಲ್ರಿ?”

ಕೇಳವಾ ಅಂದೆ.

“ಸಿ ಸಮನಾಗಿ ತಗೊಂಡ್ರ ಬಿ ಲುಕ್ಸಾನ ಆಗೂದಿಲ್ಲೇನ್ರಿ? ಅವಂದು ಮೊದಲ ಸಣ್ಣ ಪಾಲು. ಎ ಕೊಟ್ಟಷ್ಟ ಅವನೂ ಕೊಟ್ರ ಹೆಂಗ?”

ನಾನು ಉತ್ತರ ಹೇಳುವ ಮೊದಲು ಅವಳನ್ನೇ ಕೇಳಿದೆ, ಹಾಗಾದರೆ ಗುಡ್‌ವಿಲ್ ಹೇಗೆ ಹಂಚಬೇಕು ಅಂತ. ಈ ಸಲ ನಾನು ಕಾದೆ. ಎಷ್ಟು ಸೆಕೆಂಡು ಅಂತ ಎಣಿಸಲಿಲ್ಲ. “ಸಮನಾಗಿ ಬಿಟ್ಟಾರಂದ್ರ ರೊಕ್ಕಾನೂ ಸಮನಾಗಿ ಬರಬೇಕ್ರಿ. ಹತ್ತು, ಹತ್ತು” ಅಂದಳು. ಸ್ವಲ್ಪ ತಡೆದು, “ಗುಡ್‌ವಿಲ್ ಐತಂತ 1:1 ಅಲ್ರಿ ಅದು. ಸಮನಾಗಿ ಬಿಟ್ಟಾರಂತ 1:1” ಅಂದಳು.

ಜುಲೈನ ಆ ‘ಯಾಕೆ’ ಅಲ್ಲಿ ಬಗೆಹರಿಯಿತು. ಚಾಟ್‌ನಲ್ಲಿ ಒಂಬತ್ತು ಮಕ್ಕಳು ‘ನನಗೂ ಅದೇ ಡೌಟ್ ಇತ್ತು’ ಅಂತ ಹಾಕಿದರು.

ಕತ್ತಲಲ್ಲಿ ಮಗ್ಗದ ಪಕ್ಕ ಕೂತು ಅವಳ ಅಪ್ಪ ಇದೆಲ್ಲ ಕೇಳಿಸಿಕೊಂಡಿದ್ದರು. ಮರುದಿನ ಅವರೇ ಫೋನ್ ಮಾಡಿದರು. “ಅಕ್ಕೋರ, ಪಾಠ ಎಷ್ಟಕ್ಕ ಮುಗಿತೈತ್ರಿ?” 7:10ಕ್ಕೆ ಅಂದೆ. “ನಾ ಆರಕ್ಕ ಮಗ್ಗ ನಿಲ್ಲಿಸಿ ಚಾ ಕುಡಿತೀನಿ, ಹತ್ತ್ ಮಿನಿಟು. ಇನ್ಮ್ಯಾಲೆ ಏಳಕ್ಕ ಕುಡಿತೀನ್ರಿ. ಚಾ ಆರಕ್ಕ ಕುಡದ್ರೂ ಅಷ್ಟ, ಏಳಕ್ಕ ಕುಡದ್ರೂ ಅಷ್ಟ. ಆಗ ಮಾತಾಡಸ್ರಿ ಆಕಿನ್ನ.”

ಮಗ್ಗ ನಿಲ್ಲಿಸಿ ಅಂತ ಕೇಳುವ ಧೈರ್ಯ ನನಗೆ ಇರಲಿಲ್ಲ, ಕೇಳುವುದು ಸರಿಯೂ ಅಲ್ಲ ಅಂತ ಅನಿಸಿತ್ತು. ಒಂದು ಸೀರೆಯ ಕೂಲಿಯೂ ಹೋಗದ ದಾರಿಯನ್ನು ಅವರೇ ಹುಡುಕಿದರು. ನಾನು ಕ್ಲಾಸಿನ ಕೊನೆಯ ಹತ್ತು ನಿಮಿಷವನ್ನು ಮಾತಿಗೇ ಬಿಟ್ಟೆ. 7 ಗಂಟೆಯಾದರೆ ಹೊಸ ಲೆಕ್ಕ ಇಲ್ಲ. ಪಕ್ಕದ ಮನೆಯ ಮಗ್ಗ ಗೋಡೆಯಾಚೆ ಕೇಳುತ್ತಿತ್ತು, ಆದರೆ ಅದು ಮಾತಿಗೆ ಅಡ್ಡ ಬರುತ್ತಿರಲಿಲ್ಲ.

ಆಮೇಲೆ

ನವೆಂಬರ್ ಟೆಸ್ಟಿನಲ್ಲಿ 25ಕ್ಕೆ 18 ಬಂತು. ಇದರಲ್ಲಿ ಎಷ್ಟು ಪಾಲು ‘ಪ್ರ’ದ್ದು, ಎಷ್ಟು ಪಾಲು ಆ ಹತ್ತು ನಿಮಿಷದ್ದು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ದಸರಾ ರಜೆಯಲ್ಲಿ ಹಳೇ ಲೆಕ್ಕಗಳನ್ನೆಲ್ಲ ಅವಳು ಮತ್ತೆ ಕೂತು ಮಾಡಿದ್ದಳು, ಅದನ್ನೂ ಮರೆಯಬಾರದು. ನನಗೆ ಅಂಕಕ್ಕಿಂತ ನೋಟ್‌ಬುಕ್‌ನ ಅಂಚು ಮುಖ್ಯ ಅನಿಸಿತು. ಡಿಸೆಂಬರ್‌ನಲ್ಲಿ ನೋಡಿದಾಗ ಉಳಿದಿದ್ದ ಡೌಟು ಎರಡು. ಎರಡಕ್ಕೂ ‘ನಾಳೆ 7ಕ್ಕೆ’ ಅಂತ ಬರೆದಿದ್ದಳು.

ಕ್ಯಾಮೆರಾ ಅವಳು ಕೊನೆಯವರೆಗೂ ಆನ್ ಮಾಡಲಿಲ್ಲ. ನಾನು ಕೇಳಲೂ ಇಲ್ಲ. ಅಡುಗೆಮನೆಯ ಮೂಲೆ ಅದು, ಹಿಂದೆ ಅವ್ವ ಓಡಾಡುತ್ತಿರುತ್ತಾರೆ. ಮುಖ ಕಂಡರೆ ಮಾತ್ರ ಹಾಜರಿ ಅನ್ನುವ ಟೀಚರ್‌ಗಳಿದ್ದಾರೆ. ಅವರ ಕಷ್ಟ ನನಗೂ ಗೊತ್ತು, ಕಪ್ಪು ಚೌಕಗಳಿಗೆ ಪಾಠ ಮಾಡುವುದು ಸುಲಭವಲ್ಲ. ಆದರೂ ಒಂದು ‘ಪ್ರ 4’ ನನಗೆ ಮುಖಕ್ಕಿಂತ ಜಾಸ್ತಿ ಹೇಳುತ್ತದೆ.

2025ರ ಜನವರಿಯಲ್ಲಿ, ಪರೀಕ್ಷೆಗೆ ಎರಡು ತಿಂಗಳೂ ಇಲ್ಲದಾಗ, ತೇರದಾಳದ ಒಬ್ಬ ಹುಡುಗ ಮೊದಲ ಸಲ ಮೈಕು ತೆರೆದ. ಅವರ ಮನೆಯಲ್ಲಿ ಹಿಟ್ಟಿನ ಗಿರಣಿ ಇದೆ. ಗರ್ ಅಂತ ಸದ್ದು ಎಲ್ಲರ ಫೋನಿನಲ್ಲೂ ತುಂಬಿತು. ಹುಡುಗ ಗಾಬರಿಯಾಗಿ ಮೈಕು ಬಂದ್ ಮಾಡಿದ.

ನಾನು ಏನಾದರೂ ಹೇಳುವ ಮೊದಲೇ ಚಾಟ್‌ನಲ್ಲಿ ಬನಹಟ್ಟಿಯಿಂದ ಒಂದು ಸಾಲು ಬಂತು. ಎಲ್ಲರಿಗೂ ಕಾಣುವ ಹಾಗೆ. “ಬಂದ್ ಮಾಡಬ್ಯಾಡ. ಮಾತಾಡು. ಕೇಳಸ್ತೈತಿ.”

ಅವನು ಮತ್ತೆ ಮೈಕು ತೆರೆದ. ಅವನ ಡೌಟು ಏಳನೇ ಸಾಲಿನಲ್ಲಿತ್ತು.